ಮಿಂಚುವೀರನ ಎಡಗೈ

“ಈ ಚಿತ್ರ ನಿಮ್ಮ ಕೈಗೆ ಹೇಗೆ ಬಂತು?” ಹಳೆಯ ಕಾಮಿಕ್ಸ್ ಅಂಗಡಿಯವನು ಮುದುಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವಳು ಮಾರಲು ತಂದದ್ದು ಹೆಸರಾಂತ ಕಾಮಿಕ್ಸ್ ನಾಯಕ ಮಿಂಚುವೀರನ ಮೊದಲ ಪುಟದ ಮೂಲಚಿತ್ರ. ಕದ್ದ ಮಾಲೇ ಇರಬೇಕೆಂದು ಅವನಿಗೆ ಗುಮಾನಿ.

“ನಾನೇ ಬರೆದಿದ್ದು. ಪುಸ್ತಕದ ಮೇಲೆ ನಮ್ಮಣ್ಣನ ಹೆಸರು ಹಾಕಿದ್ರು.”

ಕಿವಿ ಮೇಲೆ ಹೂ ಇಡುತ್ತಿದ್ದಾಳೆ ಎಂದುಕೊಂಡ ಅವನು, ಅಭಿಮಾನಿಗಳನ್ನೇ ತಬ್ಬಿಬ್ಬು ಮಾಡುವ ಪ್ರಶ್ನೆ ಕೇಳಿದ. “ಮಿಂಚುವೀರನ ಎಡಗೈ ಯಾವಾಗ್ಲೂ ಜೇಬಲ್ಲೇ ಇರುತ್ತಲ್ಲ, ಯಾಕೆ?” ಸಿನಿಮಾದಲ್ಲಿ ಆ ಕೈ ಬೆಂಕಿಯಲ್ಲಿ ಬೆಂದಿತ್ತು, ಅದಕ್ಕೊಂದು ಹಾಡೂ ಇತ್ತು.

ಮುದುಕಿ ಸಂಕೋಚದಿಂದ ನಕ್ಕಳು. “ನಂಗೆ ಎಡಗೈ ಬರೆಯೋಕೆ ಬರ್ತಿರ್ಲಿಲ್ಲಪ್ಪ.”

ಅವನು ನಂಬದೆ ಪೆನ್ಸಿಲು, ಹಾಳೆ ಮುಂದೆ ತಳ್ಳಿದ. ನಾಲ್ಕೇ ಗೆರೆಗೆ ಮಿಂಚುವೀರ ಎದ್ದು ನಿಂತ. ಎಡಗೈ ಬಳಿ ಪೆನ್ಸಿಲು ತಡವರಿಸಿತು; ಕೊನೆಗೆ ಅವಳು ಮೆಲ್ಲಗೆ ಆ ಕೈಯನ್ನು ಅವನ ಜೇಬಿಗೆ ಸೇರಿಸಿದಳು.

ಅಂಗಡಿಯವನು ತನ್ನ ಕುರ್ಚಿ ಬಿಟ್ಟೆದ್ದ. “ಕೂತ್ಕೊಳ್ಳಿ ಅಮ್ಮ. ನಿಮ್ಮ ಹೆಸರೇನು?”