ಗುಮಾಸ್ತನ ಮೊಣಕಾಲು

ಸರತಿಯಲ್ಲಿ ನಿಂತವರ ಕಾಲುನೋವು ಕಿಟಕಿಯೊಳಗೆ ಕುಳಿತ ಗುಮಾಸ್ತನ ಕಾಲಿಗೂ ಇಳಿಯುವಂತೆ ಕಾಯ್ದೆ ಬಂದು ಮೂರು ವರ್ಷವಾಗಿತ್ತು. ಇನ್ನಾದರೂ ನೌಕರರು ಸುಧಾರಿಸುತ್ತಾರೆಂದು ಊರೆಲ್ಲ ನಂಬಿತ್ತು, ನೀಲವ್ವನೂ ನಂಬಿದ್ದಳು. ಗಂಡನ ಮರಣಪತ್ರಕ್ಕಾಗಿ ಅವಳು ಪುರಸಭೆಗೆ ಬಂದದ್ದು ಇದು ಒಂಬತ್ತನೇ ಸಲ. ಇವತ್ತು ಬೇಕೆಂದೇ ಬಸ್ಸು ಬಿಟ್ಟು ಮೂರು ಮೈಲಿ ನಡೆದು, ಮೊಣಕಾಲು ಊದಿಸಿಕೊಂಡು ಬಂದಿದ್ದಳು.

ಅವಳು ಕಿಟಕಿಯ ಮುಂದೆ ನಿಂತದ್ದೇ ತಡ, ಗುಮಾಸ್ತ ಗುರುಪಾದಪ್ಪ ತನ್ನ ಮೊಣಕಾಲು ಹಿಡಿದುಕೊಂಡು ನರಳಿದ. “ಏನ್ ನೋವ ಬೇ ಯವ್ವಾ ಇದು!”

“ಸಹಿ ಹಾಕ್ರಿ, ನಾ ಹೋಗ್ತೇನಿ, ನೋವೂ ಹೋಗ್ತೈತಿ. ಕಾಗದ ನಿಮ್ಮ ಕೈಯಾಗ ಐತಲ್ರಿ.”

“ತಡಿ, ತಡಿ” ಎನ್ನುತ್ತ ಅವನು ಮೇಜಿನ ಖಾನೆ ಎಳೆದ. ಅಂತೂ ಮೊಹರು ಹೊರಬಂತು ಎಂದುಕೊಂಡಳು ನೀಲವ್ವ. ಬಂದದ್ದು ನೋವಿನ ಗುಳಿಗೆ, ಜೊತೆಗೊಂದು ಲೋಟ ನೀರು.

“ಇದನ್ನ ನುಂಗು, ನಿನಗೂ ಆರಾಮ, ನನಗೂ ಆರಾಮ. ಸರಕಾರದಿಂದನ ಪೆಟಗಿಗಟ್ಲೆ ಬಂದಾವ. ಕಾಗದಕ್ಕ ನಾಳೆ ಬಾ.”

ನೀಲವ್ವನ ಮೈಯೆಲ್ಲ ಉರಿದುಹೋಯಿತು. ಗುಳಿಗೆಯನ್ನು ನೆಲಕ್ಕೆಸೆದು, ಊದಿದ ಕಾಲಿನಿಂದಲೇ ಹೊಸಕಿದಳು. ಒಳಗೆ ಗುರುಪಾದಪ್ಪ ಚೀರಿದ.

“ಸಂಜಿತನಾ ಇಲ್ಲೇ ನಿಂದರ್ತೇನ್ರಿ,” ಎಂದಳು, “ಇದ ಒಂದ ಕಾಲ ಮ್ಯಾಲ.”