ಏನೂ ಕೇಳದ ಊರು

ಗಂಡನ ಮನೆ ಬಿಟ್ಟು ಬಂದಮೇಲೆ ಶಶಿರೇಖಾಳಿಗೆ ವಠಾರದವರ ಪ್ರಶ್ನೆಗಳಿಂದ ರೋಸಿಹೋಗಿತ್ತು. ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸವೊಂದು ಸಿಕ್ಕಿತ್ತು. ನಾಳೆ ಒಪ್ಪಿಗೆ ಹೇಳಬೇಕು. ಮೊದಲೇ ಅಲ್ಲಿಗೆ ಹೋಗಿದ್ದ ಗೆಳತಿ ಪ್ರಫುಲ್ಲಾಳಿಗೆ ಫೋನ್ ಮಾಡಿದಳು.

"ಅಲ್ಲಿ ರೈಲಲ್ಲೂ ಯಾರೂ ಮಾತಾಡಲ್ವಂತೆ, ನಿಜಾನಾ?"

"ನಿಜ ಕಣೇ. ಪಕ್ಕದ ಮನೆಯವರು ತಲೆ ಬಗ್ಗಿಸಿ ನಮಸ್ಕಾರ ಮಾಡ್ತಾರೆ, ಒಳಗೆ ಹೋಗಿ ಬಾಗಿಲು ಹಾಕ್ಕೋತಾರೆ. ಎಲ್ಲಿಗೆ, ಯಾಕೆ, ಯಾರ ಜೊತೆ, ಒಂದೂ ಕೇಳಲ್ಲ."

"ಪುಣ್ಯ ಮಾಡಿದೀಯ ಬಿಡು."

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಶಶಿರೇಖಾ ಉಸಿರು ಬಿಗಿಹಿಡಿದು ಗೋಡೆಗೊರಗಿ ನಿಂತಳು.

"ಶಶೀ, ಊಟ ಆಯ್ತೇನಮ್ಮಾ? ಏನ್ ಸಾರು ಇವತ್ತು? ಬೆಳಗಿಂದ ಮುಖಾನೇ ಕಾಣ್ಲಿಲ್ಲ!" ಎದುರುಮನೆಯ ನಿಂಗಮ್ಮನ ದನಿ.

"ವಕ್ಕರಿಸಿದ್ರು ನೋಡು," ಶಶಿರೇಖಾ ಫೋನಿಗೆ ಪಿಸುಗುಟ್ಟಿದಳು. "ಸಾರಿಂದ ಶುರು ಮಾಡಿ ಗಂಡನ ವಿಷಯಕ್ಕೇ ಬರ್ತಾರೆ. ಸುಮ್ನಿದ್ರೆ ಹೊರಟುಹೋಗ್ತಾರೆ."

ನಿಂಗಮ್ಮ ಮತ್ತೆ ಬಾಗಿಲು ಬಡಿದರು.

"ಶಶೀ, ಇದ್ದೀಯೇನಮ್ಮಾ?"

"ಬಾಗಿಲು ತೆಗಿಯೇ," ಎಂದಳು ಪ್ರಫುಲ್ಲಾ. "ಫೋನು ಅವರ ಕೈಗೆ ಕೊಡು. ನನ್ನೂ ಒಂದ್ಸಲ ಕೇಳ್ಲಿ, ಊಟ ಆಯ್ತಾ ಅಂತ."