ನಾಳೆ ಮೇಸ್ತ್ರಿ

ಪೆಟ್ರೋಲಿನಲ್ಲಿ ನೆನೆದ ಹಳೇ ಬಟ್ಟೆಯ ವಾಸನೆ ಬಂದರೆ ತಂಗಿಗೆ ಈಗಲೂ ಅಪ್ಪನ ಭಾನುವಾರಗಳು ನೆನಪಾಗುತ್ತವೆ. ಬೈಕಿನ ಟ್ಯಾಂಕಿನ ಮೇಲೆ ಅವಳು, ಹಿಂದೆ ಅಕ್ಕ, ನಡುವೆ ಅಪ್ಪ. ಬೆಟ್ಟದಾಚೆಯ ಕಡಲತೀರದ ದೀಪಸ್ತಂಭ ತೋರಿಸುತ್ತೇನೆಂದು ಹೊರಟ ಅಪ್ಪ, ಅರ್ಧ ದಾರಿಯಲ್ಲಿ ಬೈಕು ಕೆಟ್ಟು, ಇಬ್ಬರನ್ನೂ ಲಾರಿಯಲ್ಲಿ ವಾಪಸು ಕರೆತಂದಿದ್ದ. ಮುಂದಿನ ವರ್ಷ ಹೋಗೋಣ ಎಂದಿದ್ದ. ಆ ಮಾತಿಗೆ ಈಗ ನಲವತ್ತೊಂದು ವರ್ಷ.

ಅದೇ ವಾಸನೆಯ ರಿಪೇರಿ ಶೆಡ್ಡಿನಲ್ಲಿ ನಿಂತು ಅವಳು ಯೋಚಿಸುತ್ತಿದ್ದುದು ಮಾತ್ರ ಬೇರೆ. ಈ ಮನುಷ್ಯ ನನಗೆ ಟೋಪಿ ಹಾಕುತ್ತಿದ್ದಾನೆ.

ಅಪ್ಪನ ಬೈಕನ್ನು ಅವಳು ತಂದದ್ದು ಬರೀ ಆಯಿಲ್ ಬದಲಿಸಲು. ಮರುದಿನ, ಗುರುವಾರ, ಅಕ್ಕನನ್ನು ಹಿಂದೆ ಕೂರಿಸಿಕೊಂಡು ದೀಪಸ್ತಂಭಕ್ಕೆ ಹೊರಡುವುದಿತ್ತು. ಬರುವ ಬುಧವಾರ ಅಕ್ಕನ ಮೊಣಕಾಲಿಗೆ ಶಸ್ತ್ರಚಿಕಿತ್ಸೆ. ಆಮೇಲೆ ಬೈಕು ಹತ್ತುವ ಮಾತೇ ಇಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಅಂಚೆ ಕಚೇರಿಯಲ್ಲಿ ತಂಗಿಗೆ ಸಿಕ್ಕಿದ್ದು ಮೂರೇ ದಿನದ ರಜೆ, ಜೊತೆಗೊಂದು ಭಾನುವಾರ.

ಶೆಡ್ಡಿನ ಯಜಮಾನರಿಗೆ ಎಪ್ಪತ್ತರ ಹತ್ತಿರ. ಗಿರಾಕಿಗಳು ಅವರಿಗಿಟ್ಟ ಹೆಸರು ನಾಳೆ ಮೇಸ್ತ್ರಿ. ತಂಗಿ ಧೂಳಿಗೆಂದು ಮುಖಕ್ಕೆ ಕಟ್ಟಿಕೊಂಡ ಬಟ್ಟೆಯೊಳಗಿನಿಂದಲೇ ಕೆಲಸ ಹೇಳತೊಡಗಿದಾಗ ಅವರು ಕೈಯೆತ್ತಿ ತಡೆದರು.

"ಮುಖದ ಬಟ್ಟೆ ತೆಗೀಮ್ಮ. ಈ ಕಡೆ ಬೆಳಕಿಗೆ ಬಂದು ಹೇಳು."

ಪೊಲೀಸು ಠಾಣೆಯಲ್ಲೂ ಇಷ್ಟು ದರ್ಪ ಇರಲಾರದು ಎಂದುಕೊಂಡು ಅವಳು ಬೆಳಕಿಗೆ ಬಂದಳು. ಅಕ್ಕನ ಮೊಣಕಾಲಿನಿಂದ ಹಿಡಿದು ದೀಪಸ್ತಂಭದವರೆಗೆ ಎಲ್ಲವನ್ನೂ ಹೇಳಿದಳು.

ಆಯಿಲ್ ಬದಲಿಸಿದ ಮೇಲೆ ಮೇಸ್ತ್ರಿ ಎಂಜಿನ್ ಚಾಲೂ ಮಾಡಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಆನಿಸಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿದರು. ಲೆಕ್ಕ ಬಾರದ ಮಗು ಪೆನ್ಸಿಲ್ ಕಚ್ಚಿಕೊಂಡು ಕೂತ ಹಾಗೆ. ಆಮೇಲೆ ಎಂಜಿನ್ ಆರಿಸಿದರು.

"ಒಳಗೆ ಸರಿಯಿಲ್ಲ. ಬಿಚ್ಚಬೇಕು. ನಾಳೆ ಬಾ."

ಇಪ್ಪತ್ತು ವರ್ಷದಿಂದ ಓಡಿಸುತ್ತಿದ್ದೇನೆ, ಒಂದು ಅಪಸ್ವರವೂ ಇಲ್ಲ ಎಂದು ಅವಳು ವಾದಿಸಿದಳು. ಮೇಸ್ತ್ರಿ ಅವಳ ಮುಖದ ಮೇಲಿಟ್ಟ ಕಣ್ಣನ್ನು ಕೀಳದೆ, ಎಲ್ಲ ಮುಗಿಯುವವರೆಗೂ ಕಾದು, "ನಾಳೆ" ಎಂದರು. ತಲೆಯ ಮೇಲಿನ ಬಲ್ಬು ಎರಡು ಸಲ ಆರಿ ಹತ್ತಿತು. ಅವರು ಕೈ ಒರೆಸಿಕೊಂಡು, ಶೆಡ್ಡಿಗೆ ಅಂಟಿಕೊಂಡಿದ್ದ ಮನೆಯೊಳಗೆ ಊಟಕ್ಕೆ ಹೋದರು. ತನ್ನ ಬಲ್ಬನ್ನೇ ನೆಟ್ಟಗೆ ಮಾಡಿಕೊಳ್ಳದವರು ನನ್ನ ಎಂಜಿನ್ ಬಿಚ್ಚುತ್ತಾರಂತೆ.

ಇಪ್ಪತ್ತೇಳು ವರ್ಷ ಕೌಂಟರಿನಲ್ಲಿ ಕೂತು ಜನರಿಗೆ "ನಾಳೆ ಬನ್ನಿ" ಎಂದವಳಿಗೆ ಆ ಮಾತು ಇಷ್ಟು ಕಹಿ ಎಂದು ಗೊತ್ತಿರಲಿಲ್ಲ.

ಗುರುವಾರ ಬೋರ್ಡಿನ ಮೇಲಿದ್ದ ನಂಬರಿಗೆ ಒಂಬತ್ತು ಸಲ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಹೋಗಿ ನೋಡಿದರೆ ಎಂಜಿನ್ನಿನ ಭಾಗಗಳೆಲ್ಲ ತಗಡಿನ ತಟ್ಟೆಯಲ್ಲಿ ಹರಡಿದ್ದವು. ಸಾಮಾನು ಬೇರೆ ಊರಿನಿಂದ ಬರಬೇಕಂತೆ. ಫೋನ್ ಮಾಡಬೇಡ, ಬಂದೇ ಕೇಳು ಎಂದೂ ಹೇಳಿದರು.

ಮನೆಯಲ್ಲಿ ಅಕ್ಕ, ಕಟ್ಟಿಟ್ಟ ಚೀಲವನ್ನು ಇನ್ನೂ ಬಿಚ್ಚಿರಲಿಲ್ಲ. "ಈ ಬೈಕಿಗೆ ಮೊದಲಿನಿಂದಲೂ ನಮ್ಮನ್ನ ಕಂಡರೆ ಅಷ್ಟಕ್ಕಷ್ಟೇ ಕಣೇ," ಎಂದು ನಕ್ಕಳು. ನಗುತ್ತಲೇ ಮೊಣಕಾಲು ನೀವಿಕೊಂಡಳು.

ಶುಕ್ರವಾರವೂ ನಾಳೆಯೇ. ಆಗ ತಂಗಿಯ ತಾಳ್ಮೆ ತಪ್ಪಿತು. ಮೇಸ್ತ್ರಿ ಆಗಲೇ ಬೆನ್ನು ತಿರುಗಿಸಿ ತಟ್ಟೆಯ ಮೇಲೆ ಬಗ್ಗಿದ್ದರು. ಆ ಬೆನ್ನಿಗೇ ಅವಳು ಅನ್ನಬೇಕಾದ್ದನ್ನೆಲ್ಲ ಅಂದಳು. ಚೆನ್ನಾಗಿದ್ದ ಬೈಕನ್ನು ಬಿಚ್ಚಿ ಗುಡ್ಡೆ ಹಾಕಿದಿರಿ, ಹೆಂಗಸೆಂದು ಸದರ ಮಾಡಿಕೊಂಡಿರಿ, ನಮ್ಮಕ್ಕನ ಆಸೆಗೆ ಮಣ್ಣು ಹಾಕಿದಿರಿ.

"ನಿಮ್ಮಂಥ ಮೋಸಗಾರರನ್ನ ನಾನೆಲ್ಲೂ ನೋಡಿಲ್ಲ," ಎಂದು ಮುಗಿಸಿದಳು.

ಬೆನ್ನು ಅಲುಗಲಿಲ್ಲ. ಒಳಬಾಗಿಲ ಪರದೆ ಮಾತ್ರ ಒಂದಿಷ್ಟು ಅಲುಗಿತು. ಗಾಳಿ ಇರಬೇಕು. ಎಂಥ ದಪ್ಪ ಚರ್ಮ ಎಂದುಕೊಂಡು ಅವಳು ಹೊರಬಂದಳು.

ಶನಿವಾರ ಮಧ್ಯಾಹ್ನ ಬೈಕು ಒರೆಸಿ ತಯಾರಾಗಿ ನಿಂತಿತ್ತು. ಅಕ್ಕ ಕಾಲು ಹೆಚ್ಚು ಮಡಿಸಬೇಕಾಗದಂತೆ ಹಿಂದಿನ ಕಾಲೂರುವ ಕಂಬಿಯನ್ನು ಸ್ವಲ್ಪ ಕೆಳಗಿಳಿಸಿದ್ದರು. ಹಾಗೆ ಮಾಡಲು ಯಾರೂ ಹೇಳಿರಲಿಲ್ಲ. ಮೇಸ್ತ್ರಿ ಅವಳ ಅಂಗೈಯಲ್ಲಿ ಹಳೇ ಬೇರಿಂಗನ್ನಿಟ್ಟರು. ಹೊರಗಿನ ಬಳೆ ಸೀಳಿತ್ತು. ಒಳಗಿನ ಎರಡು ಗುಂಡುಗಳು ಹುಳ ತಿಂದ ಹಲ್ಲಿನಂತಾಗಿದ್ದವು.

"ಬೆಟ್ಟದ ಇಳಿಜಾರಲ್ಲಿ ಇದು ಕಚ್ಚಿಕೊಂಡಿದ್ರೆ ಹಿಂದಿನ ಚಕ್ರ ಅಲ್ಲೇ ನಿಂತುಬಿಡೋದು," ಎಂದರು. "ಹಿಂದೆ ನಿಮ್ಮಕ್ಕ ಇರ್ತಿದ್ರು. ಈಗ ಹೊರಟ್ರೆ ದೀಪ ಹಚ್ಚೋ ಹೊತ್ತಿಗೆ ತಲುಪ್ತೀರಿ."

ಅವಳು ಬೇರಿಂಗಿನ ಸೀಳಿನ ಮೇಲೆ ಬೆರಳಾಡಿಸಿ ನೋಡಿದಳು. ಮೇಸ್ತ್ರಿ ಕೈ ತೊಳೆಯಲು ಬಕೆಟ್ಟಿನ ಕಡೆ ತಿರುಗಿದ್ದರು.

"ನನಗೇ ಒಂದು ಸದ್ದೂ ಕೇಳಿಸಿರಲಿಲ್ಲ. ನಿಮಗೆ ಹೇಗೆ ಕೇಳಿಸ್ತು?"

ಅವರು ಕೈಗೆ ಸೋಪು ಉಜ್ಜುತ್ತಲೇ ಇದ್ದರು. ನಿನ್ನೆಯ ಮಾತಿಗೆ ಅವರಿಗಿನ್ನೂ ಸಿಟ್ಟಿದೆ, ಇರಬೇಕಾದ್ದೇ. "ನಿನ್ನೆ ಆಡಿದ್ದು ತಪ್ಪಾಯ್ತು," ಎಂದಳು, ಆ ಬೆನ್ನಿಗೇ. ಅವರು ನೀರು ಮೊಗೆದು ಕೈಗೆ ಸುರಿದುಕೊಂಡರು.

ಬಲ್ಬು ಎರಡು ಸಲ ಆರಿ ಹತ್ತಿತು. ಮೇಸ್ತ್ರಿ ಥಟ್ಟನೆ ತಿರುಗಿದರು. ಒಳಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

"ಎದುರಿಗೆ ಬಂದು ಹೇಳಮ್ಮ, ತುಟಿ ನೋಡಿ ತಿಳ್ಕೋತಾರೆ," ಎಂದರು ಆಕೆ. "ಹದಿನೆಂಟು ವರ್ಷದಿಂದ ಸಿಡಿಲು ಬಡಿದರೂ ಕೇಳಿಸಲ್ಲ, ಎಂಜಿನ್ ಅದುರೋದು ಮಾತ್ರ ಹಲ್ಲಿಗೆ ಗೊತ್ತಾಗುತ್ತೆ. ಈ ಮನೇಲಿ ಕಿವಿ ಕೇಳಿಸೋದು ನನಗೊಬ್ಬಳಿಗೇ."

ತಂಗಿ ಪರದೆಯ ಕಡೆ ನೋಡಿದಳು. ನಿನ್ನೆ ಗಾಳಿ ಬೀಸಿರಲೇ ಇಲ್ಲ.

ಆಕೆ ಒಂದು ಊಟದ ಡಬ್ಬಿಯನ್ನು ಗಂಡನ ಕೈಗೆ ಕೊಟ್ಟು, ಇನ್ನೊಂದನ್ನು, ದಾರಿಯಲ್ಲಿ ಇಬ್ಬರಿಗೆ ಸಾಕಾಗುವಷ್ಟು ದೊಡ್ಡದನ್ನು, ತಂಗಿಯ ಕೈಗಿಟ್ಟರು.